ಹುಲಿಗುಹೆಯ ಮಠಕ್ಕೆ ಒಂದು ದಿನದ ಪ್ಯಾಕೇಜ್: ಗೈಡ್‌ಗೆ ಪೂರ್ತಿ ಮಾರ್ಕು, ಏಜೆನ್ಸಿಗೆ ಅಲ್ಲ

ಮೊದಲು ಕುದುರೆ ವಿಷಯ ಹೇಳಿಬಿಡುತ್ತೇನೆ. ಭೂತಾನಿನ ಪಾರೋದಲ್ಲಿರುವ ತಕ್ತ್ಸಾಂಗ್ ಬೌದ್ಧ ಮಠಕ್ಕೆ, ಅಂದರೆ ಈ ಹುಲಿಗುಹೆಗೆ, ಹೋಗುವವರಿಗೆ ಇದು ಗೊತ್ತಿರಲೇಬೇಕು. ಕುದುರೆ ಅರ್ಧ ದಾರಿವರೆಗೆ ಮಾತ್ರ ಹೋಗುತ್ತದೆ. ಅಲ್ಲೊಂದು ಕೆಫೆಟೇರಿಯಾ ಇದೆ, ಅದರ ಹತ್ತಿರ ಇಳಿಸಿಬಿಡುತ್ತಾರೆ. ಮುಂದೆ ನಡಿಗೆ. ವಾಪಸ್ ಬರುವಾಗ ಕುದುರೆಯೇ ಇಲ್ಲ, ಕೆಳಗಿನ ತನಕ ಕಾಲೇ ಗತಿ. ನಮಗೆ ಪ್ಯಾಕೇಜ್ ಮಾರಿದ ಏಜೆನ್ಸಿಯವರು ಫೋನಿನಲ್ಲಿ ಹೇಳಿದ್ದೇ ಬೇರೆ: "ಮೇಡಂ, ಕುದುರೆ ಮೇಲೆ ಕೂತ್ರೆ ಸೀದಾ ಮಠದ ಬಾಗಿಲಿಗೇ." ಆ ಮಾತು ನಂಬಿ ನಮ್ಮ ವೈನಿಯನ್ನು, ಅಂದರೆ ಅತ್ತಿಗೆಯನ್ನು, ಹೊರಡಿಸಿದೆ. ವೈನಿಗೆ 58 ವರ್ಷ. ಎಡ ಮೊಣಕಾಲು ಆಗಾಗ ಹಿಡಿದುಕೊಳ್ಳುತ್ತದೆ.

ನನ್ನ ಮೊಣಕಾಲೂ ಅಷ್ಟಕ್ಕಷ್ಟೇ. ಕಲಬುರಗಿಯಲ್ಲಿ ನನ್ನದೊಂದು ಸಣ್ಣ ರೊಟ್ಟಿ ಕೇಂದ್ರ ಇದೆ. 19 ವರ್ಷದಿಂದ ಒಲೆ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ರೊಟ್ಟಿ ಬಡಿದಿದ್ದೇನೆ. ಈಗ ನಾಲ್ಕು ಮಂದಿ ಹೆಣ್ಣುಮಕ್ಕಳು ಬಡಿಯುತ್ತಾರೆ, ನಾನು ಹಿಟ್ಟು ನೋಡುತ್ತೇನೆ, ಲೆಕ್ಕ ನೋಡುತ್ತೇನೆ. ದಸರೆ ಗದ್ದಲ ಮುಗಿದ ಮೇಲೆ ಮಗ "ಎಲ್ಲಾದ್ರೂ ಹೋಗಿ ಬಾರವ್ವ" ಅಂತ ಟಿಕೆಟ್ ಮಾಡಿಬಿಟ್ಟ. ಹೈದರಾಬಾದಿನಿಂದ ಬಾಗ್ಡೋಗ್ರಾಕ್ಕೆ ವಿಮಾನ, ಅಲ್ಲಿಂದ ಟ್ಯಾಕ್ಸಿಯಲ್ಲಿ ಜೈಗಾಂವ್, ಗಡಿ ದಾಟಿದರೆ ಫುಂಟ್‌ಶೋಲಿಂಗ್, ಮತ್ತೆ ಘಾಟ್ ರಸ್ತೆಯಲ್ಲಿ ಪಾರೋ. ಗಡಿಯಲ್ಲಿ ಆಧಾರ್ ನಡೆಯುವುದಿಲ್ಲ, ನೆನಪಿಡಿ. ವೋಟರ್ ಐಡಿ ಇಲ್ಲವೇ ಪಾಸ್‌ಪೋರ್ಟ್ ಬೇಕು. ನಮ್ಮಂಥ ಭಾರತೀಯರಿಗೆ ರಾತ್ರಿಗೆ ಒಬ್ಬರಿಗೆ 1,200 ರೂಪಾಯಿ ಸರ್ಕಾರದ ಶುಲ್ಕ ಬೇರೆ ಇದೆ. ಅವರ ದುಡ್ಡಿಗೆ ನ್ಗುಲ್ಟ್ರಮ್ ಅನ್ನುತ್ತಾರೆ, ಬೆಲೆ ನಮ್ಮ ರೂಪಾಯಿಯಷ್ಟೇ. ಹೆಸರು ಹೇಳೋಕೆ ವೈನಿಗೆ ಕೊನೆಯ ದಿನದವರೆಗೂ ಬರಲಿಲ್ಲ. ಎಲ್ಲಾ ಅಂಗಡಿಯಲ್ಲೂ "ರೊಕ್ಕ ಎಷ್ಟು" ಅಂತಲೇ ಕೇಳಿದರು. ಕೆಲಸ ಆಯಿತು.

ನಾನು ಇಲ್ಲಿ ಬರೆಯುತ್ತಿರುವುದು ಆ ಒಂದು ದಿನದ ಪ್ಯಾಕೇಜ್ ಬಗ್ಗೆ ಮಾತ್ರ. ಬೆಳಗ್ಗೆ ಮಠ, ಮಧ್ಯಾಹ್ನದ ಮೇಲೆ "ಮೂರು ಬೆಟ್ಟದ ಹಳ್ಳಿಗಳು", ಮಧ್ಯೆ ಊಟ, ಕಾರು, ಗೈಡ್, ಮಠದ ಟಿಕೆಟ್. ಇಬ್ಬರಿಗೆ 12,000. ಕುದುರೆಗೆ ಬೇರೆ.

ಏಳು ಗಂಟೆಗೆ ಕಾರು ಅಂದಿದ್ದರು. ನಾವು ಆರೂವರೆಗೇ ಸೀರೆ ಉಟ್ಟು ಹೋಟೆಲ್ ಬಾಗಿಲಲ್ಲಿ ನಿಂತೆವು. ನೋಡಿದರೆ ಕಾರು ಆಗಲೇ ನಿಂತಿದೆ. ಭೂತಾನ್ ಗಡಿಯಾರ ನಮ್ಮದಕ್ಕಿಂತ ಅರ್ಧ ಗಂಟೆ ಮುಂದೆ, ನನ್ನ ಕೈಗಡಿಯಾರ ಇನ್ನೂ ಗುಲ್ಬರ್ಗಾ ಟೈಮಲ್ಲೇ ಇತ್ತು! ಗೈಡ್ ಹುಡುಗನಿಗೆ ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು. ಮೊಣಕಾಲವರೆಗಿನ ಘೋ ತೊಟ್ಟಿದ್ದ. ನಿಲುವಂಗಿಯನ್ನು ಸೊಂಟದ ಹತ್ತಿರ ಎತ್ತಿ ಕಟ್ಟಿಕೊಂಡ ಹಾಗೆ ಇರುತ್ತದೆ ಅದು. ಹಿಂದಿ ಚೆನ್ನಾಗಿ ಬರುತ್ತಿತ್ತು. ನಮ್ಮ ಗುಲ್ಬರ್ಗಾ ಹಿಂದಿ ಕೇಳಿ ಅವನಿಗೆ ನಗು. ವೈನಿ ಚಹಾ ಬೇಡ ಅನ್ನೋಕೆ "ನಕ್ಕೋ" ಅಂದರು. ಸಂಜೆ ಹೊತ್ತಿಗೆ ಅವನೂ "ನಕ್ಕೋ" ಅನ್ನುತ್ತಿದ್ದ.

ಕಾರು ನಿಲ್ಲಿಸುವ ಜಾಗದಿಂದ ತಲೆ ಎತ್ತಿ ನೋಡಿದಾಗ ವೈನಿ ಅಂದದ್ದು ಒಂದೇ ಮಾತು: "ಎವ್ವಾ, ಅಲ್ಲಿಗೇನು?"

ಕರಿ ಬಂಡೆಯ ಗೋಡೆ. ಅದರ ಎದೆಗೆ ಅಂಟಿಕೊಂಡ ಹಾಗೆ ನಾಲ್ಕೈದು ಬಿಳಿ ಚುಕ್ಕೆ. ಮಠ ಇರುವುದು ಸಮುದ್ರ ಮಟ್ಟದಿಂದ ಸುಮಾರು 3,120 ಮೀಟರ್ ಎತ್ತರದಲ್ಲಿ. ಕೆಳಗಿನ ಪಾರೋ ಕಣಿವೆಯಿಂದಲೇ ಲೆಕ್ಕ ಹಾಕಿದರೆ 900 ಮೀಟರ್ ಮೇಲೆ. ಕಾರು ಒಂದಷ್ಟು ಏರಿಸಿರುತ್ತದೆ, ಉಳಿದದ್ದನ್ನು ನಾವೇ ಏರಬೇಕು. ನಮ್ಮ ಕಲಬುರಗಿ ಇರುವುದು 450 ಮೀಟರ್ ಆಸುಪಾಸು. ನಾನು ಜೀವನದಲ್ಲಿ ಹತ್ತಿದ ದೊಡ್ಡ ಗುಡ್ಡ ಅಂದರೆ ಯಾದಗಿರಿ ಕೋಟೆ, ಅದೂ ಲಗ್ನಕ್ಕೆ ಮೊದಲು.

ವೈನಿಗೆ ಕುದುರೆ ಮಾಡಿದೆವು. ನಾನು ನಡೆದೆ. ಕುದುರೆ ದಾರಿಯ ಹೊರ ಅಂಚಿನಲ್ಲೇ ನಡೆಯುತ್ತದೆ, ಪ್ರಪಾತದ ಕಡೆ. ವೈನಿ ಕಣ್ಣು ಮುಚ್ಚಿಕೊಂಡು ವಚನ ಹೇಳುತ್ತಾ ಹೋದರು. ಮೇಲೆ ಇಳಿದ ಮೇಲೆ ಹೇಳಿದರು, "ನಡಕೊಂಡು ಬಂದಿದ್ರ ಕಾಲು ಒಂದೇ ನೋಯ್ತಿತ್ತು."

ಇಲ್ಲಿ ಗೈಡ್ ಬಗ್ಗೆ ಹೇಳಬೇಕು. ಪ್ಯಾಕೇಜಿನಲ್ಲಿ ದುಡ್ಡಿಗೆ ಸರಿಯಾಗಿ ಸಿಕ್ಕಿದ್ದು ಅಂದರೆ ಅವನೇ. ಅವನು ಮುಂದೆ ನಡೆಯಲಿಲ್ಲ, ನನ್ನ ಹಿಂದೆ ನಡೆದ. ಮುಂದೆ ನಡೆದರೆ ನಾನು ಅವನನ್ನು ಹಿಡಿಯೋಕೆ ಹೋಗಿ ದಣಿಯುತ್ತೇನೆ, ಅದಕ್ಕೇ ಅಂತೆ. "ಮಾತಾಡ್ತಾ ನಡೀರಿ ಅಮ್ಮಾ, ಮಾತು ತುಂಡಾಯ್ತು ಅಂದ್ರೆ ನೀವು ಜೋರು ನಡೀತಿದ್ದೀರಿ ಅಂತ" ಅಂದ. ನನಗೆ ಮಾತು ಹೇಳಿಕೊಡಬೇಕಾ? ರೊಟ್ಟಿ ಹೇಗೆ ಬಡಿಯೋದು, ಹಿಟ್ಟಿಗೆ ಕುದಿನೀರು ಯಾಕೆ, ಜೋಳ ಹಳೆಯದಾದರೆ ರೊಟ್ಟಿ ಯಾಕೆ ಹರಿಯುತ್ತದೆ, ಎಲ್ಲಾ ಹೇಳಿದೆ. ಮಾತು ನಿಂತ ಕಡೆ ಅವನೇ ನಿಲ್ಲಿಸಿ ಫ್ಲಾಸ್ಕಿನಿಂದ ಬಿಸಿನೀರು ಕೊಡುತ್ತಿದ್ದ. ಪೈನ್ ಮರಗಳ ನೆರಳು, ನೀರಿನ ರಭಸಕ್ಕೆ ತಾನೇ ತಿರುಗುವ ಪ್ರಾರ್ಥನೆ ಚಕ್ರ, ಮರದಿಂದ ಮರಕ್ಕೆ ಕಟ್ಟಿದ ಬಣ್ಣದ ಬಾವುಟ. ನಮ್ಮನ್ನು ದಾಟಿ ಓಡಿದ ಹುಡುಗರ ಗುಂಪೊಂದು ಮುಂದಿನ ತಿರುವಿನಲ್ಲಿ ಉಸಿರು ಹಿಡಿದು ಕೂತಿತ್ತು. ನಾವು ಅವರನ್ನು ದಾಟಿ ಹೋದೆವು. ಆ ಖುಷಿಯೇ ಬೇರೆ ಬಿಡಿ.

ಕೆಫೆಟೇರಿಯಾದಲ್ಲಿ ಕುದುರೆ ಕಥೆ ಬಯಲಾಯಿತು. ವೈನಿಯ ಮುಖ ನೋಡೋಕೆ ಆಗಲಿಲ್ಲ. ನಾನು ಅಲ್ಲಿಂದಲೇ ಏಜೆನ್ಸಿಗೆ ಫೋನ್ ಹಚ್ಚಿದೆ. "ಮೇಡಂ, ಬಾಗಿಲು ಅಂದ್ರೆ ಆ ಕಡೆ ಹೋಗೋ ದಾರಿ ಅಂತ" ಅಂದರು. ಇಂಥ ಉತ್ತರಕ್ಕೆ ಏನು ಹೇಳ್ತೀರಿ? ಗೈಡ್ ಮಾತ್ರ ಏಜೆನ್ಸಿ ಪರವಾಗಿ ಒಂದು ಮಾತೂ ಆಡಲಿಲ್ಲ. ವೈನಿ ಪಕ್ಕ ಕೂತು ಎರಡು ದಾರಿ ಇಟ್ಟ: ಇಲ್ಲೇ ಕೂತು ಮಠ ನೋಡಬಹುದು, ಎದುರಿಗೇ ಕಾಣುತ್ತದೆ. ಇಲ್ಲ, ಮುಂದಿನ ಅರ್ಧ ಗಂಟೆ ನಡೆದು ನೋಡೋಣ, ನೋವಾದರೆ ತಿರುಗೋಣ, ನಾಚಿಕೆ ಪಡುವ ವಿಷಯವೇ ಅಲ್ಲ. ವೈನಿ ಚಹಾ ಕುಡಿದು, ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಎದ್ದರು. "ನಡಿ, ಇಷ್ಟು ರೊಕ್ಕ ಕೊಟ್ಟೀವಿ."

ಕೆಫೆಟೇರಿಯಾದಿಂದ ಮುಂದೆ ಹೋದರೆ ಮಠ ಸರಿಯಾಗಿ ಎದುರಿಗೆ ಬರುತ್ತದೆ, ಕೈಚಾಚಿದರೆ ಸಿಗುತ್ತದೇನೋ ಅನ್ನಿಸುವಷ್ಟು. ಆದರೆ ನಡುವೆ ಕಂದರ. ನೂರಾರು ಮೆಟ್ಟಿಲು ಇಳಿಯಬೇಕು, ಜಲಪಾತದ ಪಕ್ಕದ ಸೇತುವೆ ದಾಟಬೇಕು, ಮತ್ತೆ ಅಷ್ಟೇ ಮೆಟ್ಟಿಲು ಹತ್ತಬೇಕು. ಎತ್ತರಕ್ಕಿಂತ ಈ ಇಳಿದು ಹತ್ತುವುದೇ ಮೊಣಕಾಲಿಗೆ ಕಷ್ಟ. ಗೈಡ್ ವೈನಿಗೆ ಅಡ್ಡಡ್ಡ ಇಳಿಯೋಕೆ ಕಲಿಸಿದ, ಒಂದು ಮೆಟ್ಟಿಲಿಗೆ ಎರಡೂ ಪಾದ.

ಬಾಗಿಲಲ್ಲಿ ಫೋನು, ಬ್ಯಾಗು, ಕ್ಯಾಮೆರಾ ಎಲ್ಲಾ ಇಟ್ಟು ಹೋಗಬೇಕು. ಚಪ್ಪಲಿ ಒಳಗಿನ ಗುಡಿಗಳ ಹೊರಗೆ. ತೋಳು ಕಾಲು ಮುಚ್ಚುವ ಬಟ್ಟೆ ಬೇಕು, ಸೀರೆಗೆ ತಕರಾರಿಲ್ಲ. ಗೈಡ್ ತನ್ನ ಚೀಲದಿಂದ ಮಡಿಸಿಟ್ಟ ಬಿಳಿ ವಸ್ತ್ರ ತೆಗೆದು, ಎಡ ಹೆಗಲ ಮೇಲೆ ಅಡ್ಡಲಾಗಿ ಹೊದ್ದು, ನೆರಿಗೆ ಸರಿ ಮಾಡಿಕೊಂಡ. ಅಷ್ಟು ಹೊತ್ತು ಜೋಕ್ ಹೊಡೆಯುತ್ತಿದ್ದ ಹುಡುಗ ಆ ಬಟ್ಟೆ ಹೊದ್ದ ಮೇಲೆ ದನಿ ಇಳಿಸಿ ಮಾತಾಡಿದ.

ಕಥೆ ಹೀಗೆ: 8ನೇ ಶತಮಾನದಲ್ಲಿ ಗುರು ಪದ್ಮಸಂಭವ ಹೆಣ್ಣುಹುಲಿಯ ಬೆನ್ನೇರಿ ಹಾರಿ ಬಂದು ಇಲ್ಲಿನ ಗುಹೆಯಲ್ಲಿ ಧ್ಯಾನ ಮಾಡಿದರು. ಅದಕ್ಕೇ ಹುಲಿಗುಹೆ ಅಂತ ಹೆಸರು. ಗುಹೆಯ ಸುತ್ತ ಮಠ ಕಟ್ಟಿದ್ದು 1692ರಲ್ಲಿ. 1998ರ ಏಪ್ರಿಲ್ 19ರಂದು ಬೆಂಕಿ ಬಿದ್ದು ಮುಖ್ಯ ಕಟ್ಟಡ ಸುಟ್ಟುಹೋಯಿತು. ಮತ್ತೆ ಕಟ್ಟಿ ಮುಗಿಸಿದ್ದು 2005ರಲ್ಲಿ. ಹಾಗಾಗಿ ನಾವು ಮುಟ್ಟುವ ಮರದಲ್ಲಿ ಹೆಚ್ಚಿನದು ನನ್ನ ಮಗನಿಗಿಂತ ಚಿಕ್ಕದು. ಇದನ್ನು ಗೈಡ್ ಮುಚ್ಚಿಡದೆ ಹೇಳಿದ್ದು ನನಗೆ ಇಷ್ಟವಾಯಿತು. ಎಷ್ಟೋ ಕಡೆ ಮೊನ್ನೆ ಬಳಿದ ಸುಣ್ಣವನ್ನೂ ಸಾವಿರ ವರ್ಷದ್ದು ಅನ್ನುತ್ತಾರೆ, ಅಲ್ವಾ?

ಒಳಗೆ ನೆಲ ತಣ್ಣಗೆ ಕೊರೆಯುತ್ತದೆ. ಕಾಲುಚೀಲ ದಪ್ಪದ್ದು ಹಾಕಿಕೊಳ್ಳಿ. ದೀಪದ ವಾಸನೆ ಗಾಢವಾಗಿ ಇರುತ್ತದೆ. ಒಬ್ಬ ಸನ್ಯಾಸಿ ತಾಮ್ರದ ಬಣ್ಣದ ಗಿಂಡಿಯಿಂದ ನಮ್ಮ ಅಂಗೈಗೆ ನೀರು ಹಾಕಿದರು. ಗೈಡ್ ಹೇಗೆ ಕುಡಿಯಬೇಕು ಅಂತ ಹೇಳೋಕೆ ಬಾಯಿ ತೆರೆಯುವಷ್ಟರಲ್ಲಿ ವೈನಿ ಒಂದು ಗುಟುಕು ಕುಡಿದು ಉಳಿದದ್ದನ್ನು ತಲೆಗೆ ಸವರಿಕೊಂಡಾಗಿತ್ತು. ಅಲ್ಲಿಯ ಪದ್ಧತಿಯೂ ಅದೇ ಅಂತೆ. ನನಗೆ ನಮ್ಮ ಕಲಬುರಗಿ ಕಡೆಯ ಸನ್ನತಿ ನೆನಪಾಯಿತು. ಅಲ್ಲಿಯ ಚಂದ್ರಲಾಂಬೆ ಗುಡಿಗೆ ಹೋದಾಗೆಲ್ಲ ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪದ ಕಲ್ಲು ನೋಡಿ ಬಂದಿದ್ದೇನೆ. ಅಲ್ಲಿ ಅಶೋಕ ರಾಜನ ಹೆಸರು ಕೊರೆದ ಶಿಲ್ಪವೇ ಸಿಕ್ಕಿದೆ. ಆದರೆ ಭೀಮಾ ದಂಡೆಯ ಆ ಬಯಲಲ್ಲಿ ದೀಪ ಹಚ್ಚುವವರು ಯಾವಾಗಲೋ ಹೋಗಿಬಿಟ್ಟರು. ಕಲ್ಲು ಉಳಿದಿದೆ. ಇಲ್ಲಿ ಕಟ್ಟಡ ಸುಟ್ಟರೂ ದೀಪ ಹಚ್ಚುವವರು ಉಳಿದಿದ್ದಾರೆ.

ಊಟ ಇಳಿಯುವಾಗ ಅದೇ ಕೆಫೆಟೇರಿಯಾದಲ್ಲಿ. ಕೆಂಪಕ್ಕಿ ಅನ್ನ, ನೀರು ನೀರು ಬ್ಯಾಳಿ, ಆಲೂಗಡ್ಡೆ ಚೀಸ್, ಮತ್ತೆ ಎಮಾ ದಾತ್ಶಿ. ತೊಗರಿ ಊರಿನವರು ಆ ಬ್ಯಾಳಿ ಬಗ್ಗೆ ಮಾತಾಡದಿರುವುದು ಒಳ್ಳೆಯದು. ಎಮಾ ದಾತ್ಶಿ ಅಂದರೆ ಮೆಣಸಿನಕಾಯಿ ಮತ್ತು ಚೀಸ್. ನಾವು ಪಲ್ಯಕ್ಕೆ ಮೆಣಸಿನಕಾಯಿ ಹಾಕುತ್ತೇವೆ, ಇವರು ಮೆಣಸಿನಕಾಯಿಯದ್ದೇ ಪಲ್ಯ ಮಾಡುತ್ತಾರೆ. ನಾನು ಡಬ್ಬಿಯಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತೆಗೆದು ಗೈಡ್‌ಗೂ ಕೊಟ್ಟೆ. ರೊಟ್ಟಿ ಮುರಿದು ಹಿಂಡಿ ಹಚ್ಚಿ ತಿಂದ. ಯೋಚನೆ ಮಾಡಿ ಹೇಳಿದ: "ಚೆನ್ನಾಗಿದೆ ಅಮ್ಮಾ, ಖಾರ ಸ್ವಲ್ಪ ಕಮ್ಮಿ." ಗುಲ್ಬರ್ಗಾದ ಹಿಂಡಿಗೆ ಖಾರ ಕಮ್ಮಿ ಅಂದವನನ್ನು ನಾನು ಈ ವಯಸ್ಸಿನಲ್ಲಿ ಮೊದಲ ಸಲ ನೋಡಿದೆ.

ಇನ್ನು ಆ ಮೂರು ಹಳ್ಳಿ. ಮೊದಲನೆಯದನ್ನು ಕಾರಿನ ಕಿಟಕಿಯಿಂದ ನೋಡಿದೆವು. ಎರಡನೆಯದು ಅಂದರೆ ಒಂದು ಕರಕುಶಲ ಅಂಗಡಿ. ಡ್ರೈವರ್ ಏಜೆನ್ಸಿ ಹೇಳಿದಂತೆ ಅಲ್ಲಿ ನಲವತ್ತು ನಿಮಿಷ ನಿಲ್ಲಿಸಿದ. ನಾನು ಹತ್ತು ನಿಮಿಷದಲ್ಲಿ ಹೊರಗೆ ಬಂದು ಗೈಡ್‌ಗೆ ಹೇಳಿದೆ, "ತಮ್ಮಾ, ನನಗೆ ಶಾಲು ಬೇಡ. ಅಡುಗೆ ಮನೆ ತೋರ್ಸು."

ಅವನು ಡ್ರೈವರ್ ಜೊತೆ ಅವರ ಭಾಷೆಯಲ್ಲಿ ಏನೋ ಮಾತಾಡಿ ದ್ರುಕ್‌ಗ್ಯಾಲ್ ಕೋಟೆಯ ಕೆಳಗಿನ ಹಳ್ಳಿಗೆ ಕರೆದುಕೊಂಡು ಹೋದ. ಟಿಬೆಟಿನವರ ಮೇಲೆ ಗೆದ್ದ ನೆನಪಿಗೆ ಕಟ್ಟಿದ ಕೋಟೆಯಂತೆ, 1951ರಲ್ಲಿ ಅದೂ ಸುಟ್ಟಿತ್ತಂತೆ. ನಾನು ಕೋಟೆ ನೋಡಲಿಲ್ಲ. ನನ್ನ ಕಣ್ಣು ಮನೆಗಳ ಮಾಡಿನ ಮೇಲಿತ್ತು. ಮಾಡಿನ ತುಂಬ ಕೆಂಪು. ಮೆಣಸಿನಕಾಯಿ! ನಾವು ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹರವುತ್ತೇವಲ್ಲ, ಹಾಗೇ. ಉದ್ದುದ್ದ, ದಪ್ಪ ಸಿಪ್ಪೆ, ಬ್ಯಾಡಗಿಯಷ್ಟು ಸುಕ್ಕಿಲ್ಲ. ಒಂದನ್ನು ಮುರಿದು ಮೂಸಿದೆ, ಹೊಗೆಯ ವಾಸನೆ ಇಲ್ಲ, ಬರೀ ಬಿಸಿಲಿನದು. ಕೆಳಗಿನ ಗದ್ದೆಗಳಲ್ಲಿ ಕೆಂಪಕ್ಕಿ ಭತ್ತ ಕೊಯ್ಯುತ್ತಿದ್ದರು.

ಒಂದು ಮನೆಯ ಗೋಡೆ ಮೇಲೆ ಬರೆದ ಚಿತ್ರ ನೋಡಿ ವೈನಿ ಸೆರಗು ಬಾಯಿಗೆ ಒತ್ತಿಕೊಂಡರು. ಗಂಡಸಿನ ಅಂಗ, ರಿಬ್ಬನ್ ಕಟ್ಟಿ, ಆಳೆತ್ತರಕ್ಕೆ! ಗೈಡ್ ನಾಚಿಕೊಳ್ಳದೆ ಹೇಳಿದ, ಕೆಟ್ಟ ದೃಷ್ಟಿ ತಾಕಬಾರದು ಅಂತ. "ನಾವು ನಿಂಬೆಹಣ್ಣು ಕಟ್ತೀವಿ" ಅಂದರು ವೈನಿ, ಬೇರೆ ಕಡೆ ನೋಡುತ್ತಾ.

ಆ ಮನೆಗಳಲ್ಲಿ ಕೆಳಗೆ ಮೊದಲು ದನ ಕಟ್ಟುತ್ತಿದ್ದರಂತೆ, ಮೇಲೆ ಜನ, ಇನ್ನೂ ಮೇಲೆ ಹುಲ್ಲು. ನಾವು ಹೋದ ಮನೆಯ ಅಜ್ಜಿ ಉಪ್ಪು ಬೆಣ್ಣೆ ಹಾಕಿದ ಚಹಾ ಕೊಟ್ಟರು. ಚಹಾ ಅಂದುಕೊಂಡು ಕುಡಿದರೆ ಸೇರುವುದಿಲ್ಲ. ಸಾರು ಅಂದುಕೊಂಡು ಕುಡಿಯಿರಿ, ನನಗೆ ಎರಡನೇ ಬಟ್ಟಲೂ ಸೇರಿತು. ಹಿತ್ತಲಲ್ಲಿ ಬಿಸಿಕಲ್ಲಿನ ಸ್ನಾನ ಇತ್ತು. ಮರದ ತೊಟ್ಟಿಗೆ ಸೊಪ್ಪು ಹಾಕಿ, ಬೆಂಕಿಯಲ್ಲಿ ಕೆಂಪಗೆ ಕಾಯಿಸಿದ ಕಲ್ಲನ್ನು ಇಕ್ಕಳದಿಂದ ಹಿಡಿದು ಒಂದು ಬದಿಗೆ ಬಿಡುತ್ತಾರೆ. ನಡುವೆ ತೂತಿನ ಹಲಗೆ ಇರುತ್ತದೆ, ಕಾಲಿಗೆ ಕಲ್ಲು ತಾಗುವುದಿಲ್ಲ. ಚುಂಯ್ ಅಂತ ಸದ್ದು, ಹಬೆ, ನೀರು ಕೊತಕೊತ. ವೈನಿ ಮೊಣಕಾಲು ಮುಳುಗಿಸಿ ಅರ್ಧ ಗಂಟೆ ಏಳಲಿಲ್ಲ. ಇದು ಪ್ಯಾಕೇಜಿನಲ್ಲಿ ಇಲ್ಲ, ಬೇರೆ ದುಡ್ಡು ಕೊಟ್ಟೆವು. ಕೊಟ್ಟಿದ್ದಕ್ಕೆ ಬೇಜಾರಿಲ್ಲ.

ಹೋಗುವವರಿಗೆ ನನ್ನ ಸಲಹೆ: ಪಾರೋ ತಲುಪಿದ ಮಾರನೇ ದಿನವೇ ಮಠ ಹತ್ತಬೇಡಿ, ಒಂದು ದಿನ ಬಿಡಿ, ಗಾಳಿ ಒಗ್ಗಲಿ. ಮೂರು ಹಳ್ಳಿ ಅಂತ ಬರೆದ ಪ್ಯಾಕೇಜ್ ತಗೋಬೇಡಿ, ಒಂದು ಹಳ್ಳಿ ಅಂತ ಕೇಳಿ. ಕುದುರೆ ಎಲ್ಲಿವರೆಗೆ ಅಂತ ಬರಹದಲ್ಲಿ ತಗೊಳ್ಳಿ. ನಾನು ಏಜೆನ್ಸಿಗೆ ಐದಕ್ಕೆ ಎರಡು ಕೊಡುತ್ತೇನೆ, ಕಾರು ಹೊತ್ತಿಗೆ ಸರಿಯಾಗಿ ಬಂದಿದ್ದಕ್ಕೆ. ಕುದುರೆ ದುಡ್ಡು ವಾಪಸ್ ಕೇಳಿ ಮೂರು ಸಲ ಬರೆದಿದ್ದೇನೆ, ಉತ್ತರ ಇಲ್ಲ.

ಹೊರಡುವಾಗ ಗೈಡ್‌ಗೆ ಉಳಿದ ರೊಟ್ಟಿ ಪ್ಯಾಕೆಟ್ ಎಲ್ಲಾ ಕೊಟ್ಟೆ, ಬಾಯಿ ಬಿಗಿಯಾಗಿ ಕಟ್ಟಿಡು ಅಂತ ಎರಡು ಸಲ ಹೇಳಿ. ಮೊನ್ನೆ ಅವನಿಂದ ಫೋಟೋ ಬಂತು: ತಟ್ಟೆಯಲ್ಲಿ ನಮ್ಮ ರೊಟ್ಟಿ, ಅದರ ಮೇಲೆ ಎಮಾ ದಾತ್ಶಿ ಸುರಿದಿದ್ದಾನೆ. ರೊಟ್ಟಿಯ ಅಂಚು ಬಾಗಿತ್ತು. ಕಟ್ಟಿಟ್ಟಿಲ್ಲ ಹುಡುಗ.