ಟ್ಯಾಂಕರ್ ಓಡಿಸಲು ಯಾವ ಕಂಪನಿ ಸೇರಬೇಕು: ಇಂಧನ, ಹಾಲು, ರಾಸಾಯನಿಕ, ಗ್ಯಾಸ್, ಸಿಮೆಂಟ್ ಪುಡಿ

ಟ್ಯಾಂಕರ್ ಕೆಲಸಕ್ಕೆ ಸೇರುವವರು ಮೊದಲು ಕೇಳುವುದು ಕಿಲೋಮೀಟರಿಗೆ ಎಷ್ಟು ಕೊಡುತ್ತಾರೆ ಎಂದು. ಬೇರೆಬೇರೆ ಸರಕು ಸಾಗಿಸಿ ನೋಡಿದ ಮೇಲೆ ನಾವು ಮೊದಲು ಕೇಳುವುದು ಇನ್ನೊಂದು: ಗಾಡಿ ನಿಂತಿರುವಾಗ ಏನು ಕೊಡುತ್ತೀರಿ? 200 ಕಿಲೋಮೀಟರ್ ಲೋಡ್ ಅಂದುಕೊಳ್ಳಿ. ಓಡಿಸುವುದಕ್ಕೆ 4 ಗಂಟೆ, ಲೋಡಿಂಗ್ ಸಾಲಿನಲ್ಲಿ 3 ಗಂಟೆ, ಇಳಿಸುವುದಕ್ಕೆ 2 ಗಂಟೆ. ಬರೀ ಕಿಲೋಮೀಟರ್ ಲೆಕ್ಕದ ಕಂಪನಿಯಲ್ಲಿ 9 ಗಂಟೆ ದುಡಿದು 4 ಗಂಟೆಯ ಕೂಲಿ ಪಡೆದಂತಾಯಿತು. ದರ ಸ್ವಲ್ಪ ಕಡಿಮೆಯಿದ್ದರೂ ಕಾಯುವ ಹೊತ್ತಿಗೂ ತೊಳೆಸುವ ಹೊತ್ತಿಗೂ ಹಣ ಕೊಡುವ ಕಂಪನಿಯೇ ತಿಂಗಳ ಕೊನೆಗೆ ಮೇಲು.

ಇಂಧನದ ಕಂಪನಿಗಳಲ್ಲಿ ಓಟ ಚಿಕ್ಕದು, ಬಹುತೇಕ ದಿನ ರಾತ್ರಿಗೆ ಮನೆ ಸೇರಬಹುದು. ಆದರೆ ಶಿಫ್ಟ್ ರಾತ್ರಿಯದ್ದೂ ಬರುತ್ತದೆ, ಒಂದೇ ಪಾಳಿಯಲ್ಲಿ ಎರಡು ಮೂರು ಸಲ ಇಳಿಸಬೇಕಾಗುತ್ತದೆ. ಇಲ್ಲಿ ಡ್ರೈವರಿನ ಕೆಲಸ ಹೋಗುವುದು ರಸ್ತೆಯ ಅಪಘಾತಕ್ಕಿಂತ ಹೆಚ್ಚಾಗಿ ಬಂಕಿನಲ್ಲಿ ಆಗುವ ತಪ್ಪಿನಿಂದ: ಡೀಸೆಲ್ ನೆಲಟ್ಯಾಂಕಿಗೆ ಪೆಟ್ರೋಲ್ ಬಿಡುವುದು, ಅಥವಾ ಜಾಗ ನೋಡದೆ ಬಿಟ್ಟು ಉಕ್ಕಿಸುವುದು. ಮೊದಲು ಸ್ಥಾಯೀ ವಿದ್ಯುತ್ತನ್ನು ನೆಲಕ್ಕಿಳಿಸುವ ಅರ್ಥಿಂಗ್ ಕ್ಲಾಂಪ್, ಆಮೇಲೆ ಡಿಪ್ (ಅಳತೆಯ ಕೋಲು) ಹಾಕಿ ನೆಲಟ್ಯಾಂಕಿನ ಖಾಲಿ ಜಾಗ ನಿಮ್ಮ ಚೇಂಬರಿನ (ಟ್ಯಾಂಕರಿನ ಒಂದು ಖಾನೆಯ) ಲೀಟರಿಗಿಂತ ಹೆಚ್ಚಿದೆಯೇ ಎಂದು ನೋಡಿ, ಚೇಂಬರಿನ ಗುರುತನ್ನೂ ತುಂಬುವ ಬಾಯಿಯ ಗುರುತನ್ನೂ ತಾಳೆಹಾಕಿ, ನಂತರವೇ ಹೋಸ್ ಕೂಡಿಸುವುದು. ಈ ಕ್ರಮಕ್ಕೆ ಹೊತ್ತು ಕೊಡುವ ಕಂಪನಿ ಒಳ್ಳೆಯದು. ‘ಬೇಗ ಬಿಟ್ಟು ಬಾ, ಮುಂದಿನ ಲೋಡ್ ಕಾಯ್ತಿದೆ’ ಎಂದು ಫೋನ್ ಮೇಲೆ ಫೋನ್ ಮಾಡುವ ಕಡೆ ಇಂಧನ ಓಡಿಸಲೇಬೇಡಿ. ಪೆಟ್ರೋಲ್ ಇದ್ದ ಚೇಂಬರಿಗೆ ಮರುಲೋಡಿನಲ್ಲಿ ಡೀಸೆಲ್ ತುಂಬುವಾಗಿನ ಸ್ಥಾಯೀ ವಿದ್ಯುತ್ತಿನ ಅಪಾಯವನ್ನು ತರಬೇತಿಯಲ್ಲಿ ಹೇಳಿಕೊಡುತ್ತಾರೆಯೇ ಕೇಳಿ. ಒಳಗೆ ಉಳಿದ ಪೆಟ್ರೋಲ್ ಆವಿ ಹೊತ್ತಿಕೊಳ್ಳುವ ಹದಕ್ಕೆ ಬರುತ್ತದೆ, ಹರಿಯುವ ಡೀಸೆಲ್ ವಿದ್ಯುದಂಶ ಹುಟ್ಟಿಸುತ್ತದೆ. ಅದಕ್ಕೇ ಪೈಪಿನ ಬಾಯಿ ಮುಳುಗುವವರೆಗೆ ನಿಧಾನವಾಗಿ ತುಂಬುವುದು.

ಹಾಲಿನದು ಬೇರೆ ಲೋಕ. ಸ್ಫೋಟದ ಭಯವಿಲ್ಲ, ರಕ್ಷಣಾ ಉಡುಪಿನ ಹೊರೆಯಿಲ್ಲ. ಆದರೆ ಟ್ಯಾಂಕಿನ ಒಳಮೈ ನುಣ್ಣಗಿರುತ್ತದೆ. ಅಲೆ ತಡೆಯಲು ಒಳಗೆ ಹಾಕುವ ಅಡ್ಡ ತಡೆಗಳಿದ್ದರೆ ಮೂಲೆಯಲ್ಲಿ ಹಾಲು ಕೂತು ತೊಳೆಯಲು ಬರುವುದಿಲ್ಲವೆಂದು ಹಾಗೆ ಮಾಡಿರುತ್ತಾರೆ. ಹೀಗಾಗಿ ಅರ್ಧ ತುಂಬಿದಾಗ ಬ್ರೇಕ್ ಒತ್ತಿ ಗಾಡಿ ನಿಲ್ಲಿಸಿದ ಮೇಲೂ ಹಾಲಿನ ಅಲೆ ಮುಂದಿನ ಗೋಡೆಗೆ ಬಡಿದು ಇಡೀ ಲಾರಿಯನ್ನು ಮುಂದಕ್ಕೆ ತಳ್ಳುತ್ತದೆ. ಒದ್ದೆ ರಸ್ತೆಯ ಸಿಗ್ನಲಿನಲ್ಲಿ ಇದು ಗೊತ್ತಾಗುತ್ತದೆ. ಹಲವು ಕಡೆ ಸಂಗ್ರಹಿಸುತ್ತಾ ಹೋಗುವ ರೂಟಿನಲ್ಲಿ ಅರ್ಧ ದಾರಿ ಹೀಗೆಯೇ. ವಾರಕ್ಕೆ ಏಳು ದಿನವೂ ಹಾಲು ಬರುತ್ತದೆ, ಹಬ್ಬಕ್ಕೂ ರಜೆ ಸಿಗುವುದು ಕಷ್ಟ. ಸ್ಯಾಂಪಲ್ ತೆಗೆಯುವ ಹೊಣೆಯೂ ಡ್ರೈವರಿನದ್ದೇ ಆಗಿದ್ದರೆ, ಒಬ್ಬ ರೈತರ ಹಾಲಿನಲ್ಲಿ ಹಸುವಿಗೆ ಕೊಟ್ಟ ಔಷಧದ ಅಂಶವಿದ್ದು ಇಡೀ ಟ್ಯಾಂಕ್ ಚೆಲ್ಲಬೇಕಾಗಿ ಬಂದಾಗ ನಷ್ಟ ಯಾರ ತಲೆಗೆ ಎಂಬುದನ್ನು ಸೇರುವ ಮೊದಲೇ ಬರವಣಿಗೆಯಲ್ಲಿ ಪಡೆಯಿರಿ.

ಹೆಚ್ಚು ಸಂಬಳ, ಹೆಚ್ಚು ತಲೆನೋವು ಎರಡೂ ಇರುವುದು ರಾಸಾಯನಿಕದಲ್ಲಿ. ಕಂಪನಿ ಕಂಪನಿಗೆ ಅಜಗಜಾಂತರ ಇರುವುದೂ ಇಲ್ಲೇ. ಒಂದು ಲೆಕ್ಕ ಮಾಡಿ ನೋಡಿ. 25 ಟನ್ ಪೆಟ್ರೋಲ್ ಸುಮಾರು 34,000 ಲೀಟರ್ ಜಾಗ ಹಿಡಿಯುತ್ತದೆ. 25 ಟನ್ ಸಾಂದ್ರ ಗಂಧಕಾಮ್ಲ 13,600 ಲೀಟರಿಗೆ ಮುಗಿಯುತ್ತದೆ, ಯಾಕೆಂದರೆ ಅದರ ಸಾಂದ್ರತೆ ಲೀಟರಿಗೆ 1.84 ಕಿಲೋ. ಆಮ್ಲಕ್ಕೆಂದೇ ಚಿಕ್ಕ ಟ್ಯಾಂಕ್ ಇಟ್ಟಿರುವ ಕಂಪನಿಯಲ್ಲಿ ಲೋಡ್ ಭರ್ತಿಯಾಗಿ ಅಲುಗಾಡದೆ ಕೂರುತ್ತದೆ. 25,000 ಲೀಟರಿನ ಟ್ಯಾಂಕಿಗೇ ಎಲ್ಲವನ್ನೂ ಸುರಿಯುವ ಕಂಪನಿಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ತುಂಬಿ, ತಿರುವಿನಲ್ಲಿ ಅದೇ ನಿಮ್ಮನ್ನು ಹೊರಳಿಸಲು ನೋಡುತ್ತದೆ. ಅಪಾಯಕಾರಿ ಸರಕನ್ನು ರಸ್ತೆಯಲ್ಲಿ ಸಾಗಿಸುವ ಯುರೋಪಿನ ಎಡಿಆರ್ ನಿಯಮದಲ್ಲಿ, ಅಡ್ಡ ತಡೆಯಿಲ್ಲದ 7,500 ಲೀಟರ್ ಮೀರಿದ ಭಾಗವನ್ನು ದ್ರವಕ್ಕೆ 80 ಶೇಕಡಾಕ್ಕಿಂತ ಹೆಚ್ಚು ಅಥವಾ 20 ಶೇಕಡಾಕ್ಕಿಂತ ಕಡಿಮೆ ತುಂಬಬೇಕೆಂದು ಇರುವುದು ಇದೇ ಕಾರಣಕ್ಕೆ.

ರಾಸಾಯನಿಕದ ಇನ್ನೊಂದು ಖರ್ಚು ತೊಳೆಯುವುದು. ಪ್ರತಿ ಸರಕಿನ ನಡುವೆ ಟ್ಯಾಂಕ್ ತೊಳೆಸಿ ಪ್ರಮಾಣಪತ್ರ ಹಿಡಿದರೆ ಮಾತ್ರ ಮುಂದಿನ ಲೋಡ್. ಅಲ್ಲಿ ಗಂಟೆಗಟ್ಟಲೆ ಕೂರುವ ಹೊತ್ತಿಗೆ ಕೂಲಿ ಇದೆಯೇ? ‘ನೀನೇ ಒಳಗಿಳಿದು ಒರೆಸು’ ಎನ್ನುವ ಕಂಪನಿಯಾದರೆ ಅಲ್ಲಿಂದಲೇ ಹಿಂತಿರುಗಿ. ಆಮ್ಲಜನಕವಿಲ್ಲದ ಟ್ಯಾಂಕಿನಲ್ಲಿ ಇಳಿದವರೂ, ಅವರನ್ನು ಎತ್ತಲು ಇಳಿದವರೂ ಸತ್ತಿದ್ದಾರೆ. ಇಳಿಸುವಾಗ ಮೇಲಿನ ವೆಂಟ್ (ಗಾಳಿಕಂಡಿ) ತೆರೆಯದೆ ಪಂಪಿನಿಂದ ಎಳೆದರೆ ಟ್ಯಾಂಕ್ ಒಳಕ್ಕೆ ನಜ್ಜುಗುಜ್ಜಾಗುತ್ತದೆ. ಇದನ್ನು ಮೊದಲ ದಿನವೇ ಹೇಳಿಕೊಡದ ತರಬೇತಿ ತರಬೇತಿಯಲ್ಲ.

ಎಲ್‌ಪಿಜಿ ಬುಲೆಟ್ (ಗ್ಯಾಸನ್ನು ಒತ್ತಡದಲ್ಲಿ ಸಾಗಿಸುವ ಟ್ಯಾಂಕರ್) ಓಡಿಸುವ ಕಂಪನಿಗಳಲ್ಲಿ ನೋಡಬೇಕಾದ್ದು ಮುಖ್ಯವಾಗಿ ಒಂದೇ: ವಾಲ್ವ್ ಬಾಕ್ಸಿನ ಬಾಗಿಲು ತೆರೆದರೆ ಬ್ರೇಕ್ ಬಿಗಿಯುವ ಇಂಟರ್‌ಲಾಕ್ ಕೆಲಸ ಮಾಡುತ್ತಿದೆಯೇ, ಯಾರಾದರೂ ತಂತಿ ಕಟ್ಟಿ ಅದನ್ನು ಸುಮ್ಮನಾಗಿಸಿದ್ದಾರೆಯೇ. ಹೋಸ್ ಬಿಚ್ಚದೆ ಗಾಡಿ ಹೊರಡಿಸುವ ಅನಾಹುತವನ್ನು ತಡೆಯಲು ಇರುವುದು ಅದು.

ಸಿಮೆಂಟ್ ಪುಡಿಯ ಬಲ್ಕರ್ ಹೊಸಬರಿಗೆ ನಮ್ಮ ಮೊದಲ ಶಿಫಾರಸು. ಸರಕು ದ್ರವದಂತೆ ಅಲೆಯಾಡುವುದಿಲ್ಲ, ಟ್ಯಾಂಕಿನ ಎತ್ತರಕ್ಕೆ ಕೈ ಒಗ್ಗುತ್ತದೆ. ಧೂಳು, ಪುಡಿಯನ್ನು ಗಾಳಿಯ ಒತ್ತಡದಿಂದ ಇಳಿಸುವ ಕಂಪ್ರೆಸರಿನ ಸದ್ದು ಇದ್ದೇ ಇವೆ, ಕಿವಿಗೆ ರಕ್ಷಣೆ ಬೇಕು. ಇಳಿಸಿದ ಮೇಲೆ ಒತ್ತಡದ ಮುಳ್ಳು ಸೊನ್ನೆಗೆ ಬಂದು, ಗಾಳಿ ಬಿಡುವ ವಾಲ್ವ್ ತೆರೆದಿಟ್ಟ ನಂತರವೇ ಮೇಲಿನ ಮುಚ್ಚಳದ ಬೋಲ್ಟಿಗೆ ಕೈ ಹಾಕಬೇಕು. ಒಳಗೆ ಒತ್ತಡ ಉಳಿದಿರುವಾಗ ಸಡಿಲಿಸಿದರೆ ಮುಚ್ಚಳ ಸಿಡಿದು ಪ್ರಾಣ ತೆಗೆಯುತ್ತದೆ. ಮುಳ್ಳು ಕೆಟ್ಟ ಮಾಪಕವನ್ನು ಹಾಗೇ ಬಿಟ್ಟಿರುವ ಕಂಪನಿಯ ಉಳಿದ ದುರಸ್ತಿ ಹೇಗಿರುತ್ತದೆಂದು ಊಹಿಸುವುದು ಕಷ್ಟವಲ್ಲ.

ಯಾವ ಸರಕಾದರೂ ಸಂದರ್ಶನದ ದಿನ ಯಾರ್ಡಿನಲ್ಲಿ ನಿಂತ ಒಂದು ಗಾಡಿಯ ಹೋಸ್ ಪೆಟ್ಟಿಗೆ ತೆಗೆಸಿ ನೋಡಿ. ಕಪ್ಲಿಂಗಿನ ಒಳಗಿನ ಗ್ಯಾಸ್ಕೆಟ್ ಬಿರುಕು ಬಿಟ್ಟಿದೆಯೇ, ಬದಲಿ ಗ್ಯಾಸ್ಕೆಟ್ ಇದೆಯೇ, ಹೋಸಿನ ಮೇಲೆ ಒತ್ತಡ ಪರೀಕ್ಷೆಯ ದಿನಾಂಕವಿದೆಯೇ. ಆಮೇಲೆ ಅಲ್ಲಿರುವ ಡ್ರೈವರೊಬ್ಬರನ್ನು ಕೇಳಿ: ಗ್ಯಾಸ್ಕೆಟ್ ಸರಿಯಿಲ್ಲವೆಂದು ಲೋಡ್ ನಿರಾಕರಿಸಿದ ದಿನ ಸಂಬಳ ಬಂದಿತೇ? ಸಾಧ್ಯವಾದರೆ ಅವರದೇ ಒಂದು ವಾರದ ಟ್ರಿಪ್ ಶೀಟ್ ನೋಡಿ, ಗೇಟ್ ಒಳಹೊಕ್ಕ ಹೊತ್ತಿನಿಂದ ಹೊರಬಂದ ಹೊತ್ತಿನವರೆಗಿನ ಗಂಟೆಗಳನ್ನು ಕೂಡಿಸಿ, ಸಿಕ್ಕ ಹಣವನ್ನು ಅದರಿಂದ ಭಾಗಿಸಿ. ಎರಡು ಕಂಪನಿಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕಾದ ಅಂಕಿ ಅದೇ.