ಮೂರು ಮಕ್ಕಳು, ಒಂದು ವೈಟ್‌ಬೋರ್ಡ್: ಮೂರು ವರ್ಷ ಬಳಸಿದ ಮೇಲೆ

2022ರ ಜೂನ್‌ನಲ್ಲಿ ದಾವಣಗೆರೆಯ ಅಶೋಕ ರಸ್ತೆ ಕಡೆಯ ಒಂದು ಅಂಗಡಿಯಿಂದ ಈ ಬೋರ್ಡ್ ತಂದೆ. ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರ, ಮ್ಯಾಗ್ನೆಟ್ ಹಿಡಿಯುವಂಥದ್ದು, 1,850 ರೂಪಾಯಿ. ಆಟೋದಲ್ಲಿ ಹಿಡಿಸಲಿಲ್ಲ. ನಮ್ಮನೆಯವರ ಬೈಕಿನ ಹಿಂದೆ ಕೂತು ಅಡ್ಡಡ್ಡ ಹಿಡ್ಕೊಂಡು ಬಂದೆ, ಗುಂಡಿ ಸರ್ಕಲ್ ದಾಟುವಾಗ ಗಾಳಿಗೆ ಬೋರ್ಡ್ ಜೊತೆ ನಾನೂ ಹಾರಿಹೋಗ್ತೀನೇನೋ ಅನ್ನಿಸಿತ್ತು. ಅವತ್ತಿಂದ ಇವತ್ತಿನವರೆಗೂ ಹಾಲ್‌ನ ಗೋಡೆ ಮೇಲೆ ಇದೆ, ಭಾನುವಾರಕ್ಕೊಮ್ಮೆ ಒರೆಸಿ ಮಕ್ಕಳ ಆ ವಾರದ ಪಾಠದ ಪಟ್ಟಿ ಬರೆಯುತ್ತೇನೆ.

ನಮ್ಮ ಮೂರೂ ಮಕ್ಕಳು ಮನೆಯಲ್ಲೇ ಕಲಿಯುತ್ತಾರೆ. ದೊಡ್ಡವಳಿಗೆ 12, ನಡುವಿನವನಿಗೆ 9, ಚಿಕ್ಕವಳಿಗೆ 5. ಯಾಕೆ ಸ್ಕೂಲಿಗೆ ಕಳಿಸಲ್ಲ ಅನ್ನೋದು ಬೇರೆಯೇ ಕಥೆ, ಅದಕ್ಕೆ ಬೀದಿಯಲ್ಲಿ ಸಿಕ್ಕವರಿಗೆಲ್ಲ ಉತ್ತರ ಕೊಟ್ಟು ಸಾಕಾಗಿದೆ, ಇಲ್ಲಿ ಬೇಡ. ಪುಸ್ತಕ ನಮ್ಮ ರಾಜ್ಯದ್ದೇ. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪಿಡಿಎಫ್ ಪುಕ್ಕಟೆ ಸಿಗುತ್ತದೆ, ಬೇಕಾದ ಪಾಠ ಪ್ರಿಂಟ್ ಹಾಕಿಸುತ್ತೇನೆ. ದೊಡ್ಡವಳಿಗೆ 14 ತುಂಬಿದ ಮೇಲೆ ಕೇಂದ್ರ ಸರ್ಕಾರದ ಮುಕ್ತ ಶಾಲೆ ಎನ್‌ಐಒಎಸ್‌ನಲ್ಲಿ ಹತ್ತನೇ ಕ್ಲಾಸ್ ಕಟ್ಟಿಸುವ ಯೋಚನೆ ಇದೆ.

ಬೋರ್ಡಿಗೆ ಮೊದಲು ಒಂದು ವರ್ಷ ಒಂದು ಪ್ಲ್ಯಾನರ್ ಆ್ಯಪ್ ಬಳಸಿದೆ. ಹೆಸರು ಬೇಡ. ನೋಡೋಕೆ ಬಹಳ ಚೆಂದ ಇತ್ತು, ಒಬ್ಬೊಬ್ಬ ಮಗುವಿಗೆ ಒಂದೊಂದು ಬಣ್ಣ, ಇಡೀ ವರ್ಷದ ಪಾಠ ಒಂದೇ ದಿನ ಕೂತು ತುಂಬಿಸಬಹುದು. ನಾನೂ ಹುಚ್ಚಿ ಹಾಗೆ ಎರಡು ರಾತ್ರಿ ಕೂತು ತುಂಬಿಸಿದೆ. ಮೂರನೇ ವಾರ ನಡುವಿನವನಿಗೆ ಜ್ವರ ಬಂತು. ಆಮೇಲೆ ತಂಗಿ ಮಗನ ಜವಳ. ಅಷ್ಟರಲ್ಲಿ ಪರದೆ ತುಂಬ ಕೆಂಪು ಕೆಂಪು, 'ಬಾಕಿ 63' ಅಂತ ಒಂದು ಗುಂಡಗಿನ ಗುರುತು ಬಂದು ಕೂತಿತು. ಬೆಳಿಗ್ಗೆ ಎದ್ದು ಹಾಲಿಡುವ ಮೊದಲೇ ಫೋನ್ ತೆಗೆದರೆ ಸಾಲಗಾರನ ಹಾಗೆ ಅದು ಮುಂದೆ ನಿಂತಿರುತ್ತಿತ್ತು. ಜೊತೆಗೆ ಇವತ್ತಿನ ಪಾಠ ಏನು ಅಂತ ನೋಡೋಕೆ ನಾನು ಫೋನ್ ಹಿಡಿದರೆ ಮೂರೂ ತಲೆ ನನ್ನ ಭುಜದ ಮೇಲೆ. ವರ್ಷ ಮುಗಿದಾಗ ಕೇಳದೇ ಮತ್ತೆ ದುಡ್ಡು ಕಟ್ ಆಯಿತು ನೋಡಿ, ಅವತ್ತೇ ತೆಗೆದುಹಾಕಿದೆ.

ಆದರೆ ತಪ್ಪೆಲ್ಲ ಆ್ಯಪ್‌ದೇ ಅಂತ ಹೇಳೋಕೆ ಆಗಲ್ಲ. ಬೋರ್ಡ್ ತಂದ ಮೊದಲ ಆರು ತಿಂಗಳು ಅದರಲ್ಲೂ ನಾನು ಅದೇ ಕೆಲಸ ಮಾಡಿದೆ. ಮೂರು ಸಾಲು ಎಳೆದು ಮೂರು ಹೆಸರು ಬರೆದು, ಎದುರಿಗೆ ಗಣಿತ, ಕನ್ನಡ, ವಿಜ್ಞಾನ, ಇಂಗ್ಲಿಷ್ ಅಂತ ತುಂಬಿಸಿದೆ. ಕಾಗದದ ಮೇಲೆ ಸರಿಯಾಗೇ ಕಾಣುತ್ತದೆ. ನಡೆಯುವಾಗ ಮಾತ್ರ ಹತ್ತು ಗಂಟೆಗೆ ಮೂವರೂ ಒಟ್ಟಿಗೆ "ಅಮ್ಮಾ" ಅಂತ ಕೂಗುತ್ತಾರೆ. ದೊಡ್ಡವಳಿಗೆ ಬೀಜಗಣಿತ ಅರ್ಥ ಆಗಿಲ್ಲ, ನಡುವಿನವನು ಪೆನ್ಸಿಲ್ ಕಚ್ಚಿಕೊಂಡು ಕೂತಿದ್ದಾನೆ, ಚಿಕ್ಕವಳು ಅಕ್ಕನ ಪುಸ್ತಕದ ಮೇಲೆ ಹತ್ತಿ ನಿಂತಿದ್ದಾಳೆ.

ದಾರಿ ತೋರಿಸಿದ್ದು ನಾದಿನಿ. ಅವರು ಸರ್ಕಾರಿ ಪ್ರಾಥಮಿಕ ಶಾಲೆಯ ಟೀಚರ್, ನಲಿ-ಕಲಿ ತರಗತಿ ನಡೆಸುತ್ತಾರೆ. ನಲಿ-ಕಲಿ ಗೊತ್ತಲ್ವಾ, 1995ರಲ್ಲಿ ಎಚ್.ಡಿ. ಕೋಟೆ ಕಡೆ ಶುರುವಾಗಿ ಆಮೇಲೆ ರಾಜ್ಯದ ತುಂಬ ಹರಡಿದ್ದು, ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕೂತು ಕಾರ್ಡ್ ಹಿಡಿದು ಕಲಿಯುತ್ತಾರೆ. ಅವರು ನಮ್ಮ ಬೋರ್ಡ್ ನೋಡಿ ನಕ್ಕರು. "ಅಲ್ಲ ಅತ್ತಿಗೆ, ಮಕ್ಕಳ ಹೆಸರು ಬರ್ದೀರಿ, ವಿಷಯ ಬರ್ದೀರಿ, ನೀವೆಲ್ಲಿದೀರಿ ಇದ್ರಾಗೆ?" ಅಂದರು. ಅವರ ಕ್ಲಾಸಿನಲ್ಲಿ ಮಕ್ಕಳು ಕೂರುವುದು ಐದು 'ತಟ್ಟೆ', ಅಂದರೆ ಐದು ಗುಂಪಿನಲ್ಲಂತೆ. ಟೀಚರ್ ಪೂರ್ತಿ ಜೊತೆಗಿರಬೇಕಾದ ಗುಂಪು ಒಂದು, ಸ್ವಲ್ಪ ನೋಡಿಕೊಂಡರೆ ಸಾಕಾದ ಗುಂಪು ಒಂದು, ಗೆಳೆಯರ ಸಹಾಯದಿಂದ ಕಲಿಯುವ ಗುಂಪು ಎರಡು, ತಾವೇ ಮಾಡಿಕೊಳ್ಳುವ ಗುಂಪು ಒಂದು. ಮಗು ಯಾವ ಕ್ಲಾಸು ಅನ್ನೋದಕ್ಕಿಂತ ಈ ಹೊತ್ತಿನಲ್ಲಿ ಅದಕ್ಕೆ ಟೀಚರ್ ಎಷ್ಟು ಬೇಕು ಅನ್ನೋದೇ ಅಲ್ಲಿ ಮುಖ್ಯ.

ಅವತ್ತು ಸಂಜೆ ಬೋರ್ಡ್ ಪೂರ್ತಿ ಒರೆಸಿದೆ. ಈಗಿನ ರೂಪ ಹೀಗಿದೆ. ಸೋಮವಾರದಿಂದ ಶುಕ್ರವಾರಕ್ಕೆ ಐದು ಕಂಬ, ದಿನಕ್ಕೆ ನಾಲ್ಕು ಹೊತ್ತು. ಒಂದೊಂದು ಚೌಕದ ಮನೆಯಲ್ಲಿ ಮೂವರ ಹೆಸರಿನ ಮೊದಲ ಅಕ್ಷರ, ಅದರ ಮುಂದೆ ಎರಡೇ ಪದದಲ್ಲಿ ಕೆಲಸ, ಪಕ್ಕದಲ್ಲಿ ಒಂದು ಮ್ಯಾಗ್ನೆಟ್. ಕೆಂಪು ಇದ್ದರೆ ಅಮ್ಮ ಪಕ್ಕದಲ್ಲೇ ಬೇಕು. ಹಳದಿ ಅಂದರೆ ಅಜ್ಜಿ ಅಥವಾ ಅಕ್ಕ ಸಾಕು. ಹಸಿರು ಅಂದರೆ ಯಾರೂ ಬೇಡ. ನಿಯಮ ಒಂದೇ: ಒಂದು ಮನೆಯಲ್ಲಿ ಎರಡು ಕೆಂಪು ಇರಕೂಡದು. ಎರಡು ಬಂದರೆ ಒಂದನ್ನು ಬೇರೆ ಹೊತ್ತಿಗೆ ಸರಿಸು, ಜಾಗ ಇಲ್ಲದಿದ್ದರೆ ಆ ಪಾಠ ಈ ವಾರ ಇಲ್ಲ, ಅಷ್ಟೇ. ವಾರಕ್ಕೆ ನನ್ನ ಹತ್ತಿರ ಇರೋದು ಇಪ್ಪತ್ತು ಕೆಂಪು ಅಂತ ಎಣಿಸಿ ನೋಡಿದಾಗಲೇ, ಅಷ್ಟು ದಿನ ಮೂವತ್ತೈದು ನಲವತ್ತು ಖರ್ಚು ಮಾಡೋಕೆ ಹೋಗಿ ಯಾಕೆ ಗಂಟಲು ಹರಿಯುವ ಹಾಗೆ ಕೂಗಾಡ್ತಿದ್ದೆ ಅನ್ನೋದು ಗೊತ್ತಾಗಿದ್ದು.

ಒಂದು ಸೋಮವಾರ ಹೇಗಿರುತ್ತದೆ ಹೇಳುತ್ತೇನೆ. ತಿಂಡಿ ಆದ ಕೂಡಲೇ ಮೊದಲ ಹೊತ್ತು, ಕೆಂಪು ಚಿಕ್ಕವಳಿಗೆ. ಕಾಗುಣಿತ, ಆಮೇಲೆ ತೊಡೆ ಮೇಲೆ ಕೂರಿಸಿಕೊಂಡು ಒಂದು ಕಥೆ. ಮೊದಲು ಅವಳನ್ನು ಕೊನೆಗೆ ಇಟ್ಟಿದ್ದೆ, ದೊಡ್ಡವರ ಓದು ಮುಖ್ಯ ಅಂತ. ಅದು ದೊಡ್ಡ ತಪ್ಪು. ಚಿಕ್ಕ ಮಗುವಿಗೆ ಬೆಳಿಗ್ಗೆ ಅರ್ಧ ಗಂಟೆ ಅಮ್ಮ ಪೂರ್ತಿ ಸಿಕ್ಕರೆ ಆಮೇಲೆ ಒಂದು ಗಂಟೆ ತನ್ನ ಪಾಡಿಗೆ ಇರುತ್ತದೆ, ಸಿಗದಿದ್ದರೆ ದಿನವಿಡೀ ಸೆರಗು ಹಿಡಿದು ಎಳೆಯುತ್ತದೆ. ಅದೇ ಹೊತ್ತಿನಲ್ಲಿ ದೊಡ್ಡವಳು ಹಸಿರು, ನಿನ್ನೆ ಹೇಳಿಕೊಟ್ಟ ಲೆಕ್ಕದ ಅಭ್ಯಾಸ. ನಡುವಿನವನು ಹಳದಿ, ಅಜ್ಜಿ ಹೇಳುತ್ತಾರೆ ಇವನು ಬರೆಯುತ್ತಾನೆ. ಅತ್ತೆ ಉಕ್ತಲೇಖನದಲ್ಲಿ ನನಗಿಂತ ಕಟ್ಟುನಿಟ್ಟು, ಒತ್ತಕ್ಷರ ತಪ್ಪಿದರೆ ಐದು ಸಲ ಬರೆಸುತ್ತಾರೆ.

ಎರಡನೇ ಹೊತ್ತು ನಡುವಿನವನ ಕೆಂಪು. ಈಗ ಭಿನ್ನರಾಶಿ ನಡೀತಿದೆ. ಮೊನ್ನೆ ರೊಟ್ಟಿ ಮುರಿದು ಎಂಟನೇ ಒಂದು ಭಾಗ ತೋರಿಸಿದೆ, ತೋರಿಸುವಷ್ಟರಲ್ಲಿ ಎಂಟನೇ ಮೂರು ಭಾಗ ತಿಂದುಬಿಟ್ಟಿದ್ದ, ಉಳಿದದ್ದೆಷ್ಟು ಅಂದರೆ ಮಾತ್ರ ಸರಿಯಾಗಿ ಹೇಳಿದ. ಮೂರನೇ ಹೊತ್ತು ದೊಡ್ಡವಳದು, ಅದು ಉದ್ದ, ಮುಕ್ಕಾಲು ಗಂಟೆ. ನಾಲ್ಕನೇದು ಊಟ ಆದ ಮೇಲೆ. ಐದು ವರ್ಷದ ಮಗುವಿನ ಹಸಿರು ಮಾತ್ರ ನಂಬಬೇಡಿ, ಹದಿನೈದು ನಿಮಿಷಕ್ಕೆ ಬಣ್ಣ ಬದಲಾಗುತ್ತದೆ. ಅಲ್ಲಿ ಒಂದು ಬಟ್ಟಲು ಮಂಡಕ್ಕಿ ಇಟ್ಟರೆ ಇನ್ನೊಂದು ಹತ್ತು ನಿಮಿಷ ಸಿಗುತ್ತದೆ.

ಕಾರ್ಪೊರೇಷನ್ ನೀರು ಬಿಡುವ ದಿನ ಮೊದಲ ಹೊತ್ತಿಗೆ ಕೆಂಪೇ ಇಲ್ಲ, ನಾನು ಸಂಪಿನ ಹತ್ತಿರ ಇರುತ್ತೇನೆ. ಅಡ್ಡಡ್ಡ ಒಂದು ನೀಲಿ ಗೀಟು ಎಳೆದು 'ನೀರು' ಅಂತ ಬರೆದರೆ ಎಲ್ಲರಿಗೂ ಅರ್ಥ ಆಗುತ್ತದೆ. ಗುರುವಾರ ಮಧ್ಯಾಹ್ನ ಬೇಕಂತಲೇ ಖಾಲಿ ಬಿಡುತ್ತೇನೆ, ತಪ್ಪಿಹೋದದ್ದು ಅಲ್ಲಿ ಬಂದು ಕೂರುತ್ತದೆ. ಪುಟದ ಸಂಖ್ಯೆ ಬರೆಯುವುದನ್ನೂ ಬಿಟ್ಟೆ. 'ಪುಟ 42ರಿಂದ 45' ಅಂತ ಬರೆದರೆ ಒಂದು ದಿನ ತಪ್ಪಿದರೂ ಮುಂದಿನದೆಲ್ಲ ಸುಳ್ಳಾಗುತ್ತದೆ. ಈಗ 'ಗಣಿತ, ಮುಂದಿನದು' ಅಷ್ಟೇ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ ಇದ್ದಾಗ ಮನೆ ತುಂಬ ನೆಂಟರು, ವಾರವಿಡೀ ಬೋರ್ಡಿನ ಮೇಲೆ ಒಂದಕ್ಷರ ಇರಲಿಲ್ಲ. ಜಾತ್ರೆ ಮುಗಿದ ಮೇಲೆ ಬಾಕಿ ತೋರಿಸಿ ಹೆದರಿಸುವವರೂ ಇರಲಿಲ್ಲ.

ಒಂದು ಮನೆಗೆ ಒಂದೇ ಕೆಂಪು ಅನ್ನುವ ನಿಯಮದಿಂದ ಒಂದು ಒಳ್ಳೇದೂ ಆಯಿತು. ಒಂದೇ ಕೆಂಪಿನಲ್ಲಿ ಮೂವರನ್ನೂ ಕೂರಿಸುವ ಪಾಠ ಹುಡುಕೋಕೆ ಶುರು ಮಾಡಿದೆ. ನನ್ನ ತವರು ಹಿರಿಯೂರು. 2025ರ ಜನವರಿಯಲ್ಲಿ ಅಲ್ಲಿನ ಮಾರಿಕಣಿವೆ ಅಣೆಕಟ್ಟು ಕೋಡಿ ಬಿದ್ದಾಗ ಮಕ್ಕಳನ್ನು ಕರ್ಕೊಂಡು ಹೋಗಿದ್ದೆ. ವಾಪಸ್ ಬಂದು ಒಂದು ವಾರ ಮೂರನೇ ಹೊತ್ತು ಪೂರ್ತಿ ಅದೇ. ಅಣೆಕಟ್ಟು ಮುಗಿದದ್ದು 1907ರಲ್ಲಿ, 130 ಅಡಿ ತುಂಬಿದರೆ ಕೋಡಿ. ಕೋಡಿ ಬಿದ್ದದ್ದು 1933ರಲ್ಲಿ, ಆಮೇಲೆ 2022ರಲ್ಲಿ, ಆಮೇಲೆ ಈ ಸಲ. ದೊಡ್ಡವಳು ಕಳೆದು ನೋಡಿ, "ಮೊದ್ಲು 89 ವರ್ಷ ಬೇಕಾಯ್ತು, ಈಗ ಮೂರು ವರ್ಷನೂ ಬೇಕಾಗ್ಲಿಲ್ಲ, ಯಾಕಮ್ಮ?" ಅಂದಳು. ಮಳೆ ಒಂದು ಕಾರಣ, ಭದ್ರಾ ನೀರೂ ಈಗ ಅಲ್ಲಿಗೆ ಹರಿದು ಬರುತ್ತದೆ ಅನ್ನೋದು ಇನ್ನೊಂದು, ಅದನ್ನು ಅವಳೇ ಪೇಪರ್ ಓದಿ ಹುಡುಕಿದಳು. ನಡುವಿನವನು ವೇದಾವತಿಯ ನಕ್ಷೆ ಬರೆದ, ಕಡೂರಿನ ಹತ್ತಿರ ವೇದಾ ಮತ್ತು ಆವತಿ ಸೇರುವಲ್ಲಿಂದ ಹಿಡಿದು, ಹಗರಿ ಅಂತ ಹೆಸರು ಬದಲಾಯಿಸಿಕೊಂಡು ಬಳ್ಳಾರಿ ಕಡೆ ಹೋಗಿ ತುಂಗಭದ್ರೆ ಸೇರುವವರೆಗೆ. ಚಿಕ್ಕವಳು ಹಿತ್ತಲಲ್ಲಿ ಮಣ್ಣಿನ ಕಟ್ಟೆ ಕಟ್ಟಿ ಮೂರು ಕೊಡ ನೀರು ಸುರಿದಳು. ನೀರು ಬಿಡುವ ದಿನ ಆಗಿರಲಿಲ್ಲ ಅನ್ನೋದೇ ಬೇಜಾರು. ವಾರಕ್ಕೆ ಇಂಥ ಎರಡು ಹೊತ್ತು ಸಿಕ್ಕರೆ ನನಗೆ ನಾಲ್ಕು ಕೆಂಪು ಉಳಿತಾಯ.

ಇನ್ನು ಬೋರ್ಡಿನ ಗುಣ ಅವಗುಣ. ಮೇಲಿನ ಬಿಳಿ ಲೇಪ ಮೊದಲ ಎರಡು ವರ್ಷ ಚೆನ್ನಾಗಿತ್ತು. ಈಗ ಹಳೇ ಅಕ್ಷರದ ನೆರಳು ಉಳಿಯುತ್ತದೆ, ಕೆಂಪು ಇಂಕಿನದು ಜಾಸ್ತಿ. ಹ್ಯಾಂಡ್ ಸ್ಯಾನಿಟೈಜರ್ ಹಾಕಿ ಒರೆಸಿದರೆ ಹೋಗುತ್ತದೆ, ತಿಂಗಳಿಗೊಮ್ಮೆ ಸಾಕು. ನಡುವಿನವನು ಒಂದು ಸಲ ಪರ್ಮನೆಂಟ್ ಮಾರ್ಕರಿನಲ್ಲಿ 'ರಜೆ' ಅಂತ ಬರೆದಿದ್ದ. ಅದರ ಮೇಲೇ ವೈಟ್‌ಬೋರ್ಡ್ ಮಾರ್ಕರಿನಿಂದ ತಿದ್ದಿ ಒಣಗುವ ಮೊದಲೇ ಒರೆಸಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಕಂಬದ ಗೆರೆಗೆ ಎಲೆಕ್ಟ್ರಿಕ್ ಕೆಲಸದ ಕಪ್ಪು ಟೇಪನ್ನು ಸಣ್ಣಗೆ ಸೀಳಿ ಅಂಟಿಸಿದ್ದೆ, ನಮ್ಮೂರ ಏಪ್ರಿಲ್ ಬಿಸಿಲಿಗೆ ಅದರ ಅಂಟು ಕರಗಿ ಜಾರಿತು. ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿ ತೆಗೆದೆ. ಈಗ ಗೆರೆಯನ್ನೂ ಪರ್ಮನೆಂಟ್ ಮಾರ್ಕರಿನಲ್ಲೇ ಎಳೆದಿದ್ದೇನೆ, ಅಳಿಸುವ ಉಪಾಯ ಗೊತ್ತಿದೆಯಲ್ಲ.

ಮೊದಲು ನನ್ನ ಕಣ್ಣಿನ ಎತ್ತರಕ್ಕೆ ಹೊಡೆಸಿದ್ದೆ. ಮಕ್ಕಳು ತಿರುಗಿಯೂ ನೋಡುತ್ತಿರಲಿಲ್ಲ. ಕೆಳಗಿನ ಅಂಚು ನೆಲದಿಂದ ಎರಡು ಅಡಿಗೆ ಬರುವ ಹಾಗೆ ಇಳಿಸಿದ ಮೇಲೆ ಮುಗಿದ ಕೆಲಸದ ಮ್ಯಾಗ್ನೆಟ್ ಅವರೇ ತೆಗೆದು ಡಬ್ಬಿಗೆ ಹಾಕುತ್ತಾರೆ. ಇಳಿಸಿದ್ದರ ತೊಂದರೆಯೂ ಇದೆ. ಒಂದು ಬುಧವಾರ ನಡುವಿನವನ ಸಾಲು ಪೂರ್ತಿ ಹಸಿರಾಗಿತ್ತು, ಬ್ಯಾಟ್ ಸಮೇತ ಅವನೂ ಮಾಯ. ಮತ್ತೆ ಮ್ಯಾಗ್ನೆಟ್ ವಿಷಯದಲ್ಲಿ ಹುಷಾರು. ಸಣ್ಣ ಗುಂಡಿಯಂಥವು ಬೇಡವೇ ಬೇಡ. ಮಗು ಎರಡು ನುಂಗಿದರೆ ಹೊಟ್ಟೆಯೊಳಗೆ ಒಂದನ್ನೊಂದು ಎಳೆದುಕೊಂಡು ಕರುಳಿಗೇ ತೂತು ಬೀಳಬಹುದು. ಬಾಯಿಗೆ ಹಿಡಿಸದಷ್ಟು ದೊಡ್ಡದು ತನ್ನಿ, ಎಳೆದು ನೋಡಿ, ಒಳಗಿನದು ಕಳಚಿ ಬರಬಾರದು.

ದೊಡ್ಡ ಅವಗುಣ ಅಂದರೆ ಬೋರ್ಡಿಗೆ ನೆನಪಿಲ್ಲ. ಹೋದ ಯುಗಾದಿ ಹಿಂದಿನ ದಿನ ನಾನು ಸಂತೆಗೆ ಹೋಗಿ ಬರುವಷ್ಟರಲ್ಲಿ ಅತ್ತೆ ಹಬ್ಬದ ಕ್ಲೀನಿಂಗ್ ಅಂತ ಒದ್ದೆ ಬಟ್ಟೆಯಲ್ಲಿ ಫಳಫಳ ಹೊಳೆಯುವ ಹಾಗೆ ಒರೆಸಿಬಿಟ್ಟಿದ್ದರು. "ಎಷ್ಟ್ ಕೊಳೆ ಆಗಿತ್ತವ್ವಾ, ನೋಡೀಗ" ಅಂದರು. ಏನು ಹೇಳೋದು. ಆವತ್ತಿನಿಂದ ಭಾನುವಾರ ಬರೆದ ಕೂಡಲೇ ಒಂದು ಫೋಟೋ, ಮುಂದಿನ ಭಾನುವಾರ ಒರೆಸುವ ಮೊದಲು ಇನ್ನೊಂದು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಏನು ಅಂದುಕೊಂಡಿದ್ದೆ, ಏನು ಆಯಿತು ಎರಡೂ ತಿಳಿಯುತ್ತದೆ. ತವರಿಗೆ ಹೋದಾಗಲೂ ಆ ಫೋಟೋವೇ ಗತಿ. ಇಡೀ ವರ್ಷದ ಲೆಕ್ಕ ಬೇಕು ಅನ್ನುವವರು ಒಂದು ಉದ್ದನೆ ನೋಟ್‌ಬುಕ್ ಬೇರೆ ಇಡಲೇಬೇಕು, ನಾನೂ ಇಟ್ಟಿದ್ದೇನೆ, ತಿಂಗಳಿಗೆ ಒಂದು ಪುಟ.

ಒಂದೇ ಮಗು ಇದ್ದರೆ ಇಷ್ಟು ದೊಡ್ಡ ಬೋರ್ಡ್ ಬೇಡ, ನೋಟ್‌ಬುಕ್ಕೇ ಸಾಕು. ಇಬ್ಬರು ಮೂವರು ಇದ್ದರೆ ನಾಲ್ಕು ಅಡಿಗಿಂತ ಚಿಕ್ಕದು ತರಬೇಡಿ, ಒಂದು ಮನೆಯಲ್ಲಿ ಮೂರು ಸಾಲು ಹಿಡಿಸಲ್ಲ. ಅಂಗಡಿಗೆ ಹೋಗುವಾಗ ಜೇಬಲ್ಲಿ ಒಂದು ಮ್ಯಾಗ್ನೆಟ್ ಇಟ್ಕೊಂಡು ಹೋಗಿ, ಅಂಟಿಸಿ ನೋಡಿ. ಅಗ್ಗದ ಬೋರ್ಡಿಗೆ ಅದು ನಿಲ್ಲುವುದೇ ಇಲ್ಲ, ಬರೆಯೋಕಷ್ಟೇ ಬರುತ್ತದೆ. ನನ್ನ ಕಡೆಯಿಂದ ಐದಕ್ಕೆ ನಾಲ್ಕು. ಒಂದು ಕಳೆದದ್ದು ಆ ನೆರಳಿಗೆ.

ದೊಡ್ಡವಳು ಈ ಜೂನ್‌ನಿಂದ ತನ್ನ ಸಾಲನ್ನು ತಾನೇ ಬರೆದುಕೊಳ್ಳುತ್ತಾಳೆ. ಭಾನುವಾರ ಸಂಜೆ ನನಗಿಂತ ಮೊದಲು ಬೋರ್ಡಿನ ಮುಂದೆ ಕೂತಿರುತ್ತಾಳೆ, ವಾರಕ್ಕೆ ನಾಲ್ಕು ಕೆಂಪು ಸಾಕು ಅಂತ ಹೇಳಿ ಉಳಿದದ್ದನ್ನು ಡಬ್ಬಿಗೆ ಹಾಕಿಟ್ಟಿದ್ದಾಳೆ. ಹೋದ ವಾರ ಅದರಲ್ಲಿ ಒಂದನ್ನು ತಮ್ಮ ಎತ್ತಿ ತನ್ನ ಭಿನ್ನರಾಶಿಯ ಪಕ್ಕ ಅಂಟಿಸಿಕೊಂಡಿದ್ದ.