ಬಿಎಲ್‌ಡಿಸಿ ಫ್ಯಾನ್: ಎಲ್ಲಾ ಕೋಣೆಗೂ ಬೇಡ

1200 ಎಂಎಂ ಅಳತೆಯ ಮಾಮೂಲಿ ಸೀಲಿಂಗ್ ಫ್ಯಾನ್ ಫುಲ್ ಸ್ಪೀಡಿನಲ್ಲಿ 75 ವ್ಯಾಟ್‌ನಷ್ಟು ಎಳೆದರೆ, ಬಿಎಲ್‌ಡಿಸಿ (ಬ್ರಷ್ ಇಲ್ಲದ ಡಿಸಿ ಮೋಟರಿನ) ಫ್ಯಾನ್ 30ರ ಆಸುಪಾಸಿನಲ್ಲೇ ಅಷ್ಟು ಗಾಳಿ ಕೊಡುತ್ತದೆ. ದಿನಕ್ಕೆ 14 ಗಂಟೆ ತಿರುಗುವ ಹಾಲ್‌ನಲ್ಲಿ ತಿಂಗಳಿಗೆ ಹತ್ತಿರಹತ್ತಿರ 19 ಯೂನಿಟ್ ಉಳಿತಾಯ. ಯೂನಿಟ್‌ಗೆ 6 ರೂಪಾಯಿ ಹಿಡಿದರೂ ಹೆಚ್ಚುವರಿ ಕೊಟ್ಟ 1,200 ರೂಪಾಯಿ ವರ್ಷದೊಳಗೆ ಹುಟ್ಟುತ್ತದೆ. ನೆಂಟರು ಬಂದಾಗ ಮಾತ್ರ ಹಾಕುವ ಕೋಣೆಗೆ ಇದು ದಂಡ. ದಿನಕ್ಕೆ ಎರಡು ಗಂಟೆ ಓಡಿದರೆ ದುಡ್ಡು ವಾಪಸ್ ಬರಲು ಆರು ವರ್ಷ ಬೇಕು.

ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುತ್ತಿರುವವರಿಗೆ ಫ್ಯಾನ್ ಬದಲಿಸಿ ಕೈಗೆ ಹತ್ತುವುದು ಏನೂ ಇಲ್ಲ. ಬೇಸಿಗೆಯಲ್ಲಿ 215 ಯೂನಿಟ್ ಮುಟ್ಟುವ ಮನೆಯ ಕಥೆ ಬೇರೆ. 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಅದರೊಳಗೆ ನಿಂತರೆ ನಿಮ್ಮ ಹಿಂದಿನ ಬಳಕೆಯ ಸರಾಸರಿಯಿಂದ ನಿಗದಿಯಾದ ಮಿತಿಗಿಂತ ಮೇಲಿನ ಯೂನಿಟ್‌ಗಷ್ಟೇ ದುಡ್ಡು. ಅಂಥ ಮನೆಗೆ ಹಾಲ್‌ನ ಒಂದು ಫ್ಯಾನೇ ಸಾಕಾಗಬಹುದು.

ಕೊಳ್ಳುವಾಗ ನಕ್ಷತ್ರವನ್ನಷ್ಟೇ ನೋಡಬೇಡಿ. 2023ರ ಜನವರಿಯಿಂದ ಸೀಲಿಂಗ್ ಫ್ಯಾನ್‌ಗೆ ಸ್ಟಾರ್ ಲೇಬಲ್ ಕಡ್ಡಾಯ. ಏರ್ ಡೆಲಿವರಿ (ನಿಮಿಷಕ್ಕೆ ತಳ್ಳುವ ಗಾಳಿ) ಎಷ್ಟಿದೆ ಎಂದೂ ಹೋಲಿಸಿ. ವ್ಯಾಟ್ ಇಳಿಸಲು ಗಾಳಿಯನ್ನೇ ಇಳಿಸಿದ ಮಾಡೆಲ್ಲೂ ಸಿಗುತ್ತದೆ.

ಹೆಚ್ಚು ಎಡವಟ್ಟಾಗುವುದು ಹಾಕಿಸುವಾಗ. ಇದರ ವೇಗ ಬದಲಿಸುವುದು ರಿಮೋಟಿನಿಂದ, ಹಾಗಾಗಿ ಹಳೇ ರೆಗ್ಯುಲೇಟರ್ ತೆಗೆಸಲೇಬೇಕು. ‘ಐದರಲ್ಲೇ ಇಟ್ಟುಬಿಡಿ ಸಾರ್, ಏನೂ ಆಗಲ್ಲ’ ಎನ್ನುವ ಎಲೆಕ್ಟ್ರಿಷಿಯನ್ ಮಾತು ಕೇಳಬೇಡಿ. ಮನೆಯಲ್ಲಿ ಯಾರಾದರೂ ಅದನ್ನು ತಿರುಗಿಸಿಯೇ ತಿರುಗಿಸುತ್ತಾರೆ. ರೆಗ್ಯುಲೇಟರ್ ಕೆಡಿಸಿದ ವೋಲ್ಟೇಜು ಫ್ಯಾನಿನ ಒಳಗಿನ ಎಲೆಕ್ಟ್ರಾನಿಕ್ ಬೋರ್ಡಿಗೆ ಹೋಗಿ ಫ್ಯಾನ್ ಗುಂಯ್‌ಗುಡುತ್ತದೆ, ನಿಂತು ನಿಂತು ತಿರುಗುತ್ತದೆ, ಕೊನೆಗೆ ಬೋರ್ಡು ಸುಡಲೂಬಹುದು. ಎಂಸಿಬಿ (ಮೀಟರ್ ಬಳಿಯ ಸುರಕ್ಷತಾ ಸ್ವಿಚ್) ಇಳಿಸಿ, ರೆಗ್ಯುಲೇಟರ್ ಬಿಚ್ಚಿ, ಅದರ ಎರಡು ವೈರನ್ನು ಕನೆಕ್ಟರ್‌ನಲ್ಲಿ ಸೇರಿಸಿ ಸ್ವಿಚ್‌ಬೋರ್ಡಿನ ಆ ಜಾಗಕ್ಕೆ ಡಮ್ಮಿ ಪ್ಲೇಟ್ ಹಾಕಿಸಿ. ಒಂದೇ ಹಾಲ್‌ನಲ್ಲಿ ಒಂದೇ ಕಂಪನಿಯ ಎರಡು ಫ್ಯಾನ್ ಇದ್ದರೆ ಒಂದು ರಿಮೋಟಿಗೆ ಎರಡೂ ಓಗೊಡಬಹುದು, ಅಂಗಡಿಯಲ್ಲೇ ಕೇಳಿಕೊಳ್ಳಿ.

ಹಳ್ಳಿಮನೆಗಳಿಗೆ ಇನ್ನೊಂದು ಲಾಭ: ಸಂಜೆ ವೋಲ್ಟೇಜ್ 170ಕ್ಕೆ ಇಳಿದರೂ ವೇಗ ಕುಗ್ಗುವುದಿಲ್ಲ. ಯುಪಿಎಸ್ ಬ್ಯಾಟರಿಯೂ ಹೆಚ್ಚು ಹೊತ್ತು ಬಾಳುತ್ತದೆ.

ರಿಪೇರಿಯ ವಿಷಯದಲ್ಲಿ ಮಾತ್ರ ಹಳೇ ಫ್ಯಾನೇ ವಾಸಿ. ಅದು ನಿಧಾನವಾದರೆ ಬೀದಿಯ ವೈಂಡಿಂಗ್ ಅಂಗಡಿಯವನು ಕೆಪಾಸಿಟರ್ ಬದಲಿಸಿ ಕೊಡುತ್ತಾನೆ. ಇಲ್ಲಿ ಬೋರ್ಡು ಹೋದರೆ ಆಯಾ ಕಂಪನಿಯ ಬೋರ್ಡೇ ಬೇಕು, ಸಿಡಿಲಿನ ಕಾಲದಲ್ಲಿ ಅದು ಹೋಗುವ ಸಂಭವವೂ ಜಾಸ್ತಿ. ಹಾಗಾಗಿ ನಿಮ್ಮ ತಾಲ್ಲೂಕಿನಲ್ಲಿ ಸರ್ವಿಸ್ ಇರುವ ಕಂಪನಿಯದ್ದನ್ನೇ ತನ್ನಿ, ಬಿಲ್ಲಿನ ಫೋಟೊ ಅಂದೇ ತೆಗೆದಿಡಿ. ವಾರಂಟಿ ಮುಗಿಯುವ ಮೊದಲೇ ಥರ್ಮಲ್ ಕಾಗದದ ಅಕ್ಷರ ಮಾಸಿಹೋಗುತ್ತದೆ.